ಸೊಂಟ ಹಿಡಿದ ಶಿಲಾಬಾಲಿಕೆ

ಮೂವತ್ತು ವರ್ಷಗಳಿಂದ ಬೇರೆಯವರ ಸೊಂಟವನ್ನು ಹೊಗಳಿ ಹೊಟ್ಟೆ ಹೊರೆದವನು ನಾನು. ಅಪಾರ್ಥ ಮಾಡಿಕೊಳ್ಳಬೇಡಿ. ಹಳೇಬೀಡಿನ ದೇವಸ್ಥಾನದಲ್ಲಿ ನನ್ನದು ಗೈಡ್ ಕೆಲಸ. ಆ ಸೊಂಟಗಳೆಲ್ಲ ಕಲ್ಲಿನವು. ಗೋಡೆಯ ಮೇಲಿನ ನರ್ತಕಿ ಕತ್ತು ಒಂದು ಕಡೆ, ಸೊಂಟ ಇನ್ನೊಂದು ಕಡೆ, ಮೊಣಕಾಲು ಮತ್ತೊಂದು ಕಡೆ ಮಾಡಿಕೊಂಡು ನಿಂತಿರುವುದನ್ನು ಬರೀ ಬಾಯಲ್ಲಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ಹಾಗಾಗಿ ನಾನೇ ನಿಂತು ತೋರಿಸುತ್ತೇನೆ, ಎಡಗೈಯಲ್ಲಿ ಇಲ್ಲದ ಕನ್ನಡಿಯನ್ನೂ ಹಿಡಿಯುತ್ತೇನೆ. ಬೇರೆ ಗೈಡುಗಳ ಹತ್ತಿರ ಲೇಸರ್ ಲೈಟಿದೆ, ಮೂರು ಮೂರು ಭಾಷೆಯಿದೆ. ನನ್ನ ಹತ್ತಿರ ಇರುವುದು ಈ ಭಂಗಿ ಒಂದೇ.

ಈ ಭಂಗಿಯನ್ನು ಕಂಡರಾಗದವಳು ನನ್ನ ಹೆಂಡತಿ ಸುಮಿತ್ರ. ಐವತ್ತೆಂಟು ದಾಟಿದ ಮೇಲೆ ಎರಡು ಸಲ ನನ್ನ ಸೊಂಟ ಹಿಡಿದುಕೊಂಡು, ಎಣ್ಣೆ ನೀವಿ ನೀವಿ ಅವಳ ಕೈ ಬಿದ್ದುಹೋಗಿತ್ತು. "ಈ ವಯಸ್ಸಲ್ಲಿ ನಿಮಗೆ ಶಿಲಾಬಾಲಿಕೆ ಆಗೋ ಕರ್ಮ ಯಾಕ್ರೀ? ಇನ್ನೊಂದು ಸಲ ಹಿಡ್ಕೊಂಡ್ರೆ ಗೈಡ್ ಕೆಲಸಕ್ಕೆ ಎಳ್ಳುನೀರು ಬಿಟ್ಟು, ಅರಸೀಕೆರೆಗೆ ಹೋಗಿ ನಮ್ಮಣ್ಣನ ತೆಂಗಿನಕಾಯಿ ಮಂಡೀಲಿ ಕೂತ್ಕೊಳ್ಳಿ" ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ಅವಳಣ್ಣ ಒಳ್ಳೆಯ ಮನುಷ್ಯನೇ. ಆದರೆ ಆ ಮಂಡಿಯಲ್ಲಿ ಮಾತಾಡುವ ಹಕ್ಕು ಅವನೊಬ್ಬನದು. ದಿನವಿಡೀ ಮಾತಾಡಿಯೇ ಬದುಕಿದ ನಾನು ಕಾಯಿ ರಾಶಿಯ ಮುಂದೆ ಬಾಯಿ ಮುಚ್ಚಿಕೊಂಡು ಕೂರುವುದೆಂದರೆ ಜೀವ ಹೋದ ಹಾಗೆಯೇ.

ಹೀಗಿರುವಾಗ ಕಳೆದ ತಿಂಗಳು ಒಂದು ಬೆಳಗ್ಗೆ, ಅರಸೀಕೆರೆ ಕಡೆಯಿಂದ ಹನ್ನೆರಡು ಜನ ನಿವೃತ್ತ ಮೇಷ್ಟ್ರುಗಳು ಟೆಂಪೋದಲ್ಲಿ ಬಂದಿಳಿದರು. ನಾನು ಕೆಳಗಿನ ಸಾಲಿನಿಂದ ಶುರುಮಾಡಿದೆ. ಆನೆ ಬಲಕ್ಕೆ, ಸಿಂಹ ಧೈರ್ಯಕ್ಕೆ, ಕುದುರೆ ವೇಗಕ್ಕೆ. ಮೇಲೆ ಮಕರ: ಮೊಸಳೆ ಬಾಯಿ, ಆನೆ ಸೊಂಡಿಲು, ಹಂದಿ ಮೈ, ಸಿಂಹದ ಕಾಲು, ನವಿಲಿನ ಬಾಲ. "ಯುದ್ಧಕ್ಕೆ ಇದಕ್ಕಿಂತ ಒಳ್ಳೇ ಪ್ರಾಣಿ ಬೇಕಾ ಸ್ವಾಮಿ?" ಎಂದೆ. ಗುಂಪಿನಲ್ಲಿದ್ದ ಬಯಾಲಜಿ ಮೇಡಂ ಸರೋಜಮ್ಮ ಕನ್ನಡಕ ಸರಿಮಾಡಿಕೊಂಡರು. "ಅದು ಯುದ್ಧಕ್ಕೆ ಹೋದ್ರೆ ತನ್ನ ಬಾಲ ತಾನೇ ತುಳ್ಕೊಂಡು ಮುಗ್ಗರಿಸುತ್ತೆ ಕಣ್ರೀ. ಆನೆಗೆ ಭಾರ ಹೊರೋ ಕಾಲು. ಕುದುರೆ ಓಡೋಕೆ ಅಂತ ಒಂದೊಂದು ಕಾಲಲ್ಲೂ ಒಂದೇ ಬೆರಳಿನ ಮೇಲೆ ನಿಂತಿದೆ, ಗೊರಸೇ ಅದರ ಉಗುರು. ಸಿಂಹಕ್ಕೆ ನೆಗೆಯೋಕೆ ಬಳುಕೋ ಬೆನ್ನು. ಲಕ್ಷಾಂತರ ವರ್ಷ ತಿದ್ದಿ ತಿದ್ದಿ ಆಗಿರೋ ಮೈಗಳು ಅವು. ತೇಪೆ ಹಾಕಿರೋದು ಅಂದ್ರೆ ನಮಗೆ. ಕೊಂಬೆಗೆ ಜೋತಾಡ್ತಿದ್ದ ಭುಜ, ಗುದ್ದೋಕೊಂದು ಮುಷ್ಟಿ, ನಾಲ್ಕು ಕಾಲಿನ ಮೇಲೆ ಅಡ್ಡ ಇದ್ದ ಬೆನ್ನುಮೂಳೇನ ಎತ್ತಿ ನೆಟ್ಟಗೆ ನಿಲ್ಲಿಸಿರೋದು. ಸೊಂಟ ತಡೆಯುತ್ತಾ ಪಾಪ?"

ಮೂವತ್ತು ವರ್ಷ ಸಾಕಿದ ನನ್ನ ಮಕರವನ್ನು ಒಂದೇ ಮಾತಿಗೆ ಮುಗ್ಗರಿಸಿಬಿಟ್ಟರಲ್ಲ! ಮೈಯೆಲ್ಲ ಉರಿಯಿತು. "ತಡೆಯಲ್ವಾ? ನೋಡಿ ಹಾಗಾದ್ರೆ" ಎಂದು ಭಂಗಿಗೆ ನಿಂತೆ. ಸಿಟ್ಟಿನಲ್ಲಿ ಮಾಮೂಲಿಗಿಂತ ಜಾಸ್ತಿಯೇ ಬಳುಕಿದೆ. ಒಳಗೆಲ್ಲೋ ಕಳಕ್ ಎಂದಿತು. ಆಮೇಲೆ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಮೇಷ್ಟ್ರುಗಳು ಚಪ್ಪಾಳೆ ತಟ್ಟಿದರು, ಅವರ ಟೆಂಪೋ ಡ್ರೈವರ್ ಮೊಬೈಲಿನಲ್ಲಿ ವಿಡಿಯೋ ಹಿಡಿದ. "ಐದು ನಿಮಿಷ ಆತು, ಮಿಸುಕಾಡಿಲ್ಲ ನೋಡ್ರಿ, ಎಂಥಾ ಸಾಧನೆ ಐತೆ!" ಎಂದು ಹೆಡ್ಮಾಸ್ತರೊಬ್ಬರು ಬೆರಗಾದರು. ನಾನು ಹಾಗೇ ನಿಂತು ಹೊಯ್ಸಳರ ವಂಶಾವಳಿಯನ್ನೆಲ್ಲ ಹೇಳಿದೆ. ಬಾಯೊಂದು ಹಿಡಿದುಕೊಂಡಿರಲಿಲ್ಲ.

ನನ್ನ ಹಣೆಯ ಬೆವರು ಕಂಡ ಸರೋಜಮ್ಮ ಹತ್ತಿರ ಬಂದು ಪಿಸುಗುಟ್ಟಿದರು. "ಹಿಡ್ಕೊಂಡ್ತಾ?"

"ಮನೇಲಿ ಗೊತ್ತಾಗಬಾರದು ಮೇಡಂ, ಮಂಡಿಗೆ ಕಳಿಸಿಬಿಡ್ತಾಳೆ."

"ಯಾವ ಮಂಡಿನೋ ಏನೋ. ಮೆಲ್ಲಗೆ ನಾಲ್ಕು ಕಾಲಿಗೆ ಇಳೀರಿ. ಬೆನ್ನಿಗೆ ಅದರ ಹಳೇ ಅಭ್ಯಾಸ ನೆನಪಾಗುತ್ತೆ."

ಅವರ ಕೈ ಹಿಡಿದು ಇಳಿದೆ. ಮಾನ ಉಳಿಯಬೇಕಲ್ಲ, "ಈಗ ಆನೆಗಳನ್ನು ಆನೆ ಎತ್ತರದಲ್ಲೇ ನೋಡೋಣ" ಎಂದು ಅಂಬೆಗಾಲಿಟ್ಟೆ. ಎರಡು ಮಾರು ಹೋಗಿ ತಿರುಗಿ ನೋಡುತ್ತೇನೆ, ಹನ್ನೆರಡು ಜನ ಮೇಷ್ಟ್ರುಗಳೂ ಟವೆಲು, ಸೆರಗು ಸಿಕ್ಕಿಸಿಕೊಂಡು ಸಾಲಾಗಿ ನನ್ನ ಹಿಂದೆ ಅಂಬೆಗಾಲಿಡುತ್ತಿದ್ದಾರೆ! ಜೀವಮಾನವೆಲ್ಲ ಬೇರೆಯವರನ್ನು ಸಾಲಿನಲ್ಲಿ ನಿಲ್ಲಿಸಿದವರು, ಎಷ್ಟು ಶಿಸ್ತು ಅಂತೀರಿ. ಅಲ್ಲೊಂದು ಆನೆ ಮುಂದಿನ ಆನೆಯ ಬಾಲವನ್ನು ಸೊಂಡಿಲಲ್ಲಿ ಎಳೆಯುತ್ತಿತ್ತು. ಮೂವತ್ತು ವರ್ಷದಲ್ಲಿ ನಾನೇ ಅದನ್ನು ಕಂಡಿರಲಿಲ್ಲ. ಎಲ್ಲರೂ ಮಕ್ಕಳ ಹಾಗೆ ನಕ್ಕೆವು. ಆ ನಗುವಿಗೋ ಏನೋ, ಮತ್ತೊಮ್ಮೆ ಕಳಕ್ ಎಂದು ಸೊಂಟ ಬಿಟ್ಟುಕೊಂಡಿತು. ಸಂತೋಷಕ್ಕೆ ನನಗೆ ಕಣ್ಣಲ್ಲಿ ನೀರೇ ಬಂತು.

ಮನೆ ಸೇರುವ ಹೊತ್ತಿಗೆ ವಿಡಿಯೋ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿ ನನಗಿಂತ ಮುಂಚೆ ಅಲ್ಲಿಗೆ ಹೋಗಿ ಕೂತಿತ್ತು. "ಸೊಂಟ ಹಿಡ್ಕೊಂಡಿತ್ತು ತಾನೇ?" ಎಂದಳು ಸುಮಿತ್ರ.

"ಇಲ್ಲ ಕಣೇ, ಆನೆ ತೋರಿಸ್ತಿದ್ದೆ."

"ಅದಕ್ಕೆ ಮುಂಚೆ ಐದು ನಿಮಿಷ ಗರ ಬಡಿದೋರ ಹಾಗೆ ನಿಂತಿದ್ದು?"

ಒಪ್ಪಿಕೊಂಡೆ. ಅವಳು ವಿಡಿಯೋವನ್ನು ಇನ್ನೊಂದು ಸಲ ನೋಡಿದಳು. ಮೇಷ್ಟ್ರುಗಳ ಸಾಲು ಬಂದಾಗ ಬಾಯಿಗೆ ಸೆರಗು ಹಿಡಿದಳು, ಆದರೂ ನಗು ತಡೆಯಲಿಲ್ಲ. ಮರುದಿನದಿಂದ ಬಂದವರೆಲ್ಲ "ಆ ಅಂಬೆಗಾಲಿನ ಗೈಡ್ ಎಲ್ಲಿ?" ಎಂದು ಕೇಳತೊಡಗಿದರು. ಮಂಡಿಯ ಮಾತು ನಿಂತಿತು. ಭಂಗಿಯ ಮಾತೂ ನಿಂತಿತು, ಅದು ಅವಳ ಷರತ್ತು. ಅವಳೇ ಹಳೇ ಕಂಬಳಿ ಕತ್ತರಿಸಿ ನನ್ನ ಪ್ಯಾಂಟಿನ ಎರಡೂ ಮೊಣಕಾಲಿಗೆ ಒಳಗಿನಿಂದ ಹೊಲಿದು ಕೊಟ್ಟಿದ್ದಾಳೆ. ಮನುಷ್ಯ ನಾಲ್ಕು ಕಾಲಿನಿಂದ ಎರಡು ಕಾಲಿಗೆ ಏಳುವುದಕ್ಕೆ ಲಕ್ಷಾಂತರ ವರ್ಷ ಹಿಡಿಯಿತಂತೆ. ವಾಪಸ್ ಹೋಗುವುದಕ್ಕೆ ನನಗೆ ಒಂದು ಬೆಳಗ್ಗೆ, ಎರಡು ತುಂಡು ಕಂಬಳಿ ಸಾಕಾಯಿತು.