ದೇವರು ಕಾಯ್ದ ಕಂಬಗಳು

ಎಲ್ಲ ತಂಟೆಗೂ ಮೂಲ ಪಾನ್ ತಿಂದವರ ಉಗುಳು. ಸುಲ್ತಾನ್ ಬಜಾರಿನ ಆ ಹಳೆಯ ಕಟ್ಟಡ ನಿಂತಿದ್ದೇ ಎರಕದ ಕಬ್ಬಿಣದ ಕಂಬಗಳ ಮೇಲೆ. ಜನ ಉಗುಳುತ್ತಾರೆಂದು ಅಂಗಡಿಯವರು ಹೊರಗಿನ ಕಂಬಗಳಿಗೆಲ್ಲ ಸಿಮೆಂಟು ಮೆತ್ತಿ, ದೇವರ ಚಿತ್ರದ ಟೈಲ್ಸ್ ಅಂಟಿಸಿದ್ದರು. ಉಗುಳುವವರು ಎದುರಿನ ಗೋಡೆ ಹಿಡಿದರು.

ಈಗ ಮಾಲೀಕ ಕಟ್ಟಡ ಕೆಡವಲು ಹೊರಟಿದ್ದ. ಕಂಬಗಳು ನಿಜಕ್ಕೂ ಹಳೆಯ ಕಬ್ಬಿಣದವೆಂದು ರುಜುವಾತಾದರೆ ಮಾತ್ರ ಪಾರಂಪರಿಕ ಕಟ್ಟಡವೆಂದು ಉಳಿಯುತ್ತಿತ್ತು. ಅದನ್ನು ಪರೀಕ್ಷಿಸಲು ಪುರಾತತ್ವ ಇಲಾಖೆಯ ಅನುರಾಧಾ ಮೇಡಂ ಬರುವ ದಿನ, ಮೂಲೆಯ ಸೀರೆ ಅಂಗಡಿಯ ಹನುಮಂತರಾಯರು ಬೆಳಗಿನ ಚಹಾ ಬಿಟ್ಟು ಬಂದು ಬಾಗಿಲಲ್ಲೇ ನಿಂತಿದ್ದರು. ತಂದೆ ಬಿಟ್ಟುಹೋದ ಅಂಗಡಿ. ಅದು ಹೋದರೆ ಬೀದಿಯೇ ಗತಿ.

ಮೇಡಂ ಬಂದವರೇ ಮೊದಲ ಕಂಬಕ್ಕೆ ಅಯಸ್ಕಾಂತ ಹಚ್ಚಿದರು. ಅದು ಟಣ್ಣನೆ ಕೆಳಗೆ ಬಿತ್ತು.

“ಇದು ಸಿಮೆಂಟ್ ಐತಲ್ರೀ?”

“ಒಳಗ ಕಬ್ಬಿಣ ಐತ್ರಿ ಮೇಡಂ!”

“ಹಂಗಾರ ಟೈಲ್ಸ್ ಒಡೀರಿ, ನೋಡೂಣು.”

ಹನುಮಂತರಾಯರು ಸುತ್ತಿಗೆ ಎತ್ತಿದರು. ಎದುರಿಗೆ ತಿರುಪತಿ ತಿಮ್ಮಪ್ಪ! ಸುತ್ತಿಗೆ ಇಳಿಸಿ ಕೈಮುಗಿದರು. ಎರಡನೆಯ ಕಂಬದಲ್ಲಿ ಮಕ್ಕಾ, ಮೂರನೆಯದರಲ್ಲಿ ಏಸು, ನಾಲ್ಕನೆಯದರಲ್ಲಿ ಸಾಕ್ಷಾತ್ ಆಂಜನೇಯ.

“ಇದನ್ನ ಒಡೀರಿ,” ಎಂದ ಗಡಿಯಾರ ರಿಪೇರಿಯ ಶಿವಪ್ರಕಾಶ. “ನಿಮ್ಮ ಹೆಸರಿನವನ ಅದಾನ, ಹೊಟ್ಟಿಗೆ ಹಾಕ್ಕೋತಾನ.”

“ನೀನ ಒಡಿಯಪಾ!”

ಸುತ್ತಿಗೆ ಕೈಯಿಂದ ಕೈಗೆ ತಿರುಗಿ ಮತ್ತೆ ರಾಯರ ಕೈಗೇ ಬಂತು. ಮೇಡಂ ಹೊರಡಲು ಬ್ಯಾಗ್ ಎತ್ತಿದರು. ಆಗ ಬಳೆ ಅಂಗಡಿಯ ನಲಿನಿ ಕೂಗಿದಳು, “ರಾಯರ, ನಿಮ್ಮ ಅಂಗಡಿ ಒಳಗೊಂದು ಕಂಬ ಐತಲ್ರೀ! ಅದಕ್ಯಾರ ಉಗುಳ್ಯಾರ, ಟೈಲ್ಸ್ ಹಚ್ಚಾಕ?”

ಅಷ್ಟೇ ಸಾಕಾಯಿತು. ರಾಯರು ತಾವೇ ಕಪಾಟು ಎಳೆದರು, ನೆರೆಯವರು ಇಳಕಲ್ ಸೀರೆಗಳನ್ನು ತುಳಿದುಕೊಂಡೇ ನೆರವಾದರು. ಹಿಂದಿತ್ತು ಕಂಬ: ಮೈತುಂಬ ಬಳ್ಳಿ, ತಲೆಯ ಮೇಲೆ ಎಲೆಗಳ ಗೊಂಚಲು. ಅಯಸ್ಕಾಂತ ಹೊಸ ಅಳಿಯ ಮಾವನ ಮನೆಗೆ ಅಂಟಿಕೊಂಡಂತೆ ಅಂಟಿಕೊಂಡಿತು.

“ಕಟ್ಟಡ ಉಳೀತ್ರೀ!” ಎಂದರು ಮೇಡಂ. ಜನ ರಾಯರಿಗೆ ಹೂವಿನ ಹಾರ ಹಾಕಿದರು. ರಾಯರ ಕಣ್ಣಲ್ಲಿ ನೀರು ಬಂತು.

ಮೇಡಂ ಮಾತ್ರ ಬಗ್ಗಿ ಕಂಬದ ಎರಡೂ ಬದಿಯ ತೂತುಗಳನ್ನು ಬೆರಳಿನಿಂದ ಉಜ್ಜುತ್ತಿದ್ದರು.

“ಇಲ್ಲಿ ಕಬ್ಬಿಣದ ಸರಳಿನ ಕಟಾಂಜನ ಕೂಡಿಸಿದ್ರು ನೋಡ್ರಿ. ಅಂದ್ರ ಇದು ಮೊದಲು ತೆರೆದ ವರಾಂಡ. ಎಲ್ಲಾ ಮೊದಲಿನಂಗ ಮಾಡಬೇಕು.”

“ಮಾಡ್ರಿ, ಮಾಡ್ರಿ! ಭಾಳ ಚಲೋ ಆತು,” ಎಂದರು ರಾಯರು.

“ಹೆಚ್ಚಿಗಿ ಕೆಲಸ ಇಲ್ರಿ. ಆಮ್ಯಾಲ ಯಾರೋ ಕಂಬದ ನಡುವ ಗೋಡಿ ಕಟ್ಟಿ ಈ ಅಂಗಡಿ ಮಾಡ್ಯಾರಲ್ಲ, ಇದೊಂದನ್ನ ತಗದ್ರ ಆತು.”

ರಾಯರು ಹಾರದ ಸಮೇತ ಕಂಬಕ್ಕೆ ಒರಗಿದರು.

“ರಾಯರ,” ಎಂದ ಶಿವಪ್ರಕಾಶ ಮೆಲ್ಲಗೆ, “ಕಂಬಕ್ಕ ಒರಗಬ್ಯಾಡ್ರಿ. ಭಾಳ ಹಳೇದಂತ.”