ಅಧಿಕೃತವಾಗಿ ಸತ್ತ ಎಮ್ಮೆ

ಪ್ರವಾಹದಲ್ಲಿ ಸತ್ತ ಪ್ರತಿ ಎಮ್ಮೆಗೆ ಸರ್ಕಾರ ಮೂವತ್ತು ಸಾವಿರ ಪರಿಹಾರ ಘೋಷಿಸಿತು. ಆ ದುಡ್ಡಿಗೆ ಮಾರುಕಟ್ಟೆಯಲ್ಲಿ ಅರ್ಧ ಎಮ್ಮೆ ಬರುತ್ತದೆ. ಯಾವ ಅರ್ಧವೆಂದು ಆದೇಶ ಸ್ಪಷ್ಟಪಡಿಸಿರಲಿಲ್ಲ. ಉಳಿದರ್ಧ ತಾನು ಹಾಕುತ್ತೇನೆಂದು, ಇದ್ದೊಂದು ಎಮ್ಮೆ ಕಳೆದುಕೊಂಡ ಹಾಲಿನಮ್ಮನಿಗೆ ಅವಳ ಅಣ್ಣ ಮಾತು ಕೊಟ್ಟಿದ್ದ. ಗಿರಾಕಿಗಳು ಪ್ಯಾಕೆಟ್ ಹಾಲಿಗೆ ಒಗ್ಗಿಹೋಗುವ ಮುಂಚೆ ಕೊಟ್ಟಿಗೆಯಲ್ಲಿ ಇನ್ನೊಂದು ಎಮ್ಮೆ ನಿಲ್ಲಬೇಕಿತ್ತು.

ತಪಾಸಣೆಯ ಸಾಹೇಬರು ಮೂರನೇ ವಾರಕ್ಕೆ ಬಂದರು.

"ಹೆಣ ಎಲ್ಲಿ ತಾಯಿ?"

"ಮಾರನೇ ದಿನಾನೇ ಹೂತಾಯ್ತು ಸ್ವಾಮಿ. ಒಂದು ದಿನ ಮೀರಿದ್ರೆ ದಂಡ ಅಂತ ಆರೋಗ್ಯ ಇಲಾಖೆಯವರೇ ನಿಂತು ಹೂಳಿಸಿದ್ರು."

"ಅದು ಅವರ ಇಲಾಖೆ. ಹೆಣ ಕಣ್ಣಾರೆ ನೋಡೋ ತನಕ ನಮ್ಮ ಇಲಾಖೆಗೆ ನಿಮ್ಮ ಎಮ್ಮೆ ಸತ್ತಿಲ್ಲ."

"ಹಂಗಾದ್ರೆ ಚೊಂಬು ಕೊಡ್ತೀನಿ, ನೀವೇ ಒಂಚೂರು ಹಾಲು ಕರೀರಿ."

ಸಾಹೇಬರು ಇದನ್ನು ನಡಾವಳಿಯಲ್ಲಿ ದಾಖಲಿಸದೆ, ನಾಳೆಯವರೆಗೆ ಕಾಲಾವಕಾಶ ದಯಪಾಲಿಸಿದರು.

ಐಸ್ ಕಾರ್ಖಾನೆ ಇಟ್ಟಿದ್ದ ಅವಳ ಮೈದುನನದೂ ಒಂದು ಎಮ್ಮೆ ಸತ್ತಿತ್ತು. ಆಸಾಮಿ ವ್ಯವಹಾರಸ್ಥ, ಹೂಳಲಿಲ್ಲ, ಐಸಿನಲ್ಲಿಟ್ಟ. ಈಗ ಅದು ಮನೆಯಿಂದ ಮನೆಗೆ ಬಾಡಿಗೆಗೆ ಹೋಗುತ್ತಿತ್ತು.

"ಬಾಡಿಗೆ ಹತ್ತು ಸಾವಿರ, ಐಸು ಐದು. ಅತ್ತಿಗೆ ಅಂತ ಗಾಡಿ ಖರ್ಚು ಬಿಟ್ಟಿದ್ದೀನಿ."

"ಬದುಕಿದ್ದಾಗ ಇದು ನಿನಗೆ ಇಷ್ಟು ದುಡಿದು ಹಾಕಿತ್ತೇನೋ?"

"ಆಗ ಮೇವು ತಿಂತಿತ್ತಲ್ಲ ಅತ್ತಿಗೆ."

ಹಾಲಿನಮ್ಮನ ಎಮ್ಮೆಗೆ ಹಣೆಯಲ್ಲಿ ಬಿಳಿ ಬೊಟ್ಟಿತ್ತು. ಸುಣ್ಣ ಹಚ್ಚಿ ಅದನ್ನೂ ಸರಿಪಡಿಸಿದರು. ಮಾರನೇ ದಿನ ಸಾಹೇಬರು ಹೆಣವನ್ನು ಸುತ್ತುಹಾಕಿ ನಿಂತರು.

"ಇದನ್ನ ಈ ವಾರ ಆರು ಮನೇಲಿ ನೋಡಿದ್ದೀನಿ."

ಹಾಲಿನಮ್ಮ ಸುಣ್ಣದ ಬೊಟ್ಟಿಗೆ ಸೆರಗು ಅಡ್ಡ ಹಿಡಿದಳು.

"ಆರು ಕಡೆಯೂ ಸತ್ತೇ ಇತ್ತು. ಒಂದು ಕಡೆಯಾದ್ರೂ ಕಿವಿ ಅಲ್ಲಾಡಿಸಿಲ್ಲ. ದಾಖಲೆ ಸುಸಂಗತವಾಗಿದೆ. ನಿಮ್ಮದೇ ಅಂತ ಇಲ್ಲಿ ಸಹಿ ಹಾಕಿ."

ಹಾಕಿದಳು. ಸಾಹೇಬರ ಜೀಪು ತಿರುವು ದಾಟುವಷ್ಟರಲ್ಲಿ ಆರೋಗ್ಯ ಇಲಾಖೆಯ ಬೈಕು ಬಂದು ನಿಂತಿತು. ಹೂಳದೆ ಹೆಣ ಇಟ್ಟುಕೊಂಡಿದ್ದಕ್ಕೆ ದಂಡ, ಹದಿನಾಲ್ಕು ಸಾವಿರ.

"ಅಯ್ಯೋ, ಇದು ನಮ್ಮದಲ್ಲಪ್ಪ, ಬಾಡಿಗೇದು!"

"ಈಗ ತಾನೇ ನಿಮ್ಮದು ಅಂತ ಸಹಿ ಮಾಡಿದ್ರಲ್ಲಮ್ಮ."

ತಿಂಗಳೊಳಗೆ ಕಚೇರಿಯ ಗೋಡೆಗೆ ಪ್ರಕಟಣೆ ಬಿತ್ತು: "ಸಾರ್ವಜನಿಕರ ಅನುಕೂಲಕ್ಕಾಗಿ ಅಧಿಕೃತ ಹೆಣವನ್ನು ಇನ್ನು ಮುಂದೆ ಕಚೇರಿಯ ಆವರಣದಲ್ಲೇ ಇರಿಸಲಾಗುವುದು. ಅರ್ಜಿದಾರರು ಸರದಿಯಲ್ಲಿ ಬಂದು ಪಕ್ಕದಲ್ಲಿ ನಿಂತು ದುಃಖಿಸತಕ್ಕದ್ದು. ಸ್ವಂತ ಹೆಣ ತರುವುದನ್ನು ನಿಷೇಧಿಸಲಾಗಿದೆ." ನಿಯಮ ತಿಳಿಯದೆ ತನ್ನದೇ ಸತ್ತ ಎಮ್ಮೆ ಹೇರಿಕೊಂಡು ಬಂದವನೊಬ್ಬನನ್ನು ಸರದಿಯವರೇ ಬೈದು ಓಡಿಸಿದರು. ಐಸಿನ ಗುತ್ತಿಗೆ ಮೈದುನನಿಗೇ ಆಯಿತು.

ಹಾಲಿನಮ್ಮನ ಪರಿಹಾರವೂ ತಪ್ಪದೆ ಬಂತು. ಬಾಡಿಗೆ, ಐಸು, ದಂಡ, ಸಾಹೇಬರ ಜೀಪಿನ ಡೀಸೆಲ್ಲಿಗೆಂದು ಆರುನೂರು ಕಳೆದು ನಾನೂರು ಉಳಿಯಿತು. ಅಣ್ಣನೂ ಮಾತಿಗೆ ತಪ್ಪಿದವನಲ್ಲ. ಅವಳ ಅರ್ಧ ಬಂದ ದಿನ ತನ್ನರ್ಧ ಕೊಡುತ್ತೇನೆಂದು ಈಗಲೂ ಹೇಳುತ್ತಾನೆ. ಆ ನಾನೂರಕ್ಕೆ ಸದ್ಯ ಕೊಟ್ಟಿಗೆಗೆ ಬಂದದ್ದು: ಹಗ್ಗ ಒಂದು, ಗೂಟ ಒಂದು.