ಹನ್ನೊಂದು ಗಂಟೆಗೆ ಮಗ್ಗ ನಿಲ್ಲಿಸಿ

ರಾಮಲಿಂಗಯ್ಯ ಮಾಡಿದ ತಪ್ಪು ಇಷ್ಟೇ: ಬೀದಿಗೆಲ್ಲ ಸುದ್ದಿ ಮುಟ್ಟಿಸುವ ಕೆಲಸವನ್ನು ಎದುರುಮನೆ ನಾರಾಯಣಮ್ಮನಿಗೆ ವಹಿಸಿದ.

ಅವನ ಮಗಳು ಯಶಸ್ವಿನಿಗೆ ಏಳು ವರ್ಷ. ಆಟಿಸಂ ಇದೆ. ಸ್ಕೂಲಿನ ಗಂಟೆ, ಬೆಂಚು ಎಳೆದ ಸದ್ದು, ಪಕ್ಕದವಳ ಪೆನ್ಸಿಲ್ ಡಬ್ಬಿ, ಒಂದೊಂದೂ ಅವಳ ಕಿವಿಗೆ ಸೂಜಿಯಂತೆ ಚುಚ್ಚುತ್ತದೆ. ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರಿದರೆ ಸಂಜೆಯವರೆಗೂ ಅಲ್ಲೇ. ಜೊತೆಯಲ್ಲಿ ಕೂತು ಕಲಿಸುವ ಟೀಚರ್ ಒಬ್ಬರು ಸಿಕ್ಕರೆ ಓದು, ಇಲ್ಲದಿದ್ದರೆ ಮನೆಯೇ ಗತಿ. ಟೀಚರ್ ಬೇಕೋ ಬೇಡವೋ ಎಂದು ನೋಡಿ ಬರೆಯಲು ಇವತ್ತು ಹನ್ನೊಂದಕ್ಕೆ ಶಿಕ್ಷಣ ಇಲಾಖೆಯ ಪ್ರಮೋದಾ ಮೇಡಂ ಮನೆಗೇ ಬರುವವರಿದ್ದರು.

ತೊಂದರೆ ಏನೆಂದರೆ, ಮನೆಯಲ್ಲಿ ಯಶಸ್ವಿನಿಗೆ ಕಷ್ಟವೇ ಇಲ್ಲ. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮನೆಗೆರಡು ಪವರ್‌ಲೂಮು. ಒಂದೇ ಸಮನೆ ಬರುವ ಆ ಟಕಟಕದಲ್ಲಿ ಬೇರೆ ಸದ್ದೆಲ್ಲ ಮುಳುಗಿಹೋಗಿ, ಹುಡುಗಿ ಹಾಯಾಗಿ ಕೂತು ದಾರ ಸುತ್ತಿದ ಕಂಡಿಕೆಗಳನ್ನು ಬಣ್ಣಬಣ್ಣವಾಗಿ ಜೋಡಿಸುತ್ತಾಳೆ. ಕರೆಂಟು ಹೋದಾಗ ಮಾತ್ರ ಮಗ್ಗದ ಕೆಳಗೆ ಸೇರುತ್ತಾಳೆ.

"ಹನ್ನೊಂದಕ್ಕೆ ಎಲ್ರೂ ಅರ್ಧ ಗಂಟೆ ಮಗ್ಗ ನಿಲ್ಸ್ಬೇಕು ಅಂತ ಹೇಳ್ಬಿಡಮ್ಮ," ಎಂದಿದ್ದ ರಾಮಲಿಂಗಯ್ಯ. "ಸ್ಕೂಲಲ್ಲಿ ಹೆಂಗಿರ್ತಾಳೋ ಹಂಗೇ ಮೇಡಂ ನೋಡ್ಲಿ."

ನಾರಾಯಣಮ್ಮ ಹೂಂ ಎಂದಳು. ಆದರೆ ಬೀದಿಯ ಇಪ್ಪತ್ತು ಹೆಣ್ಣುಮಕ್ಕಳನ್ನು ಗಂಡಿನ ಕಡೆಯವರ ಮುಂದೆ ಕೂರಿಸಿ ಗೆದ್ದವಳು ಅವಳು. ನೋಡಲು ಬಂದವರ ಮುಂದೆ ಯಾರಾದರೂ ಐಬು ತೋರಿಸುತ್ತಾರೆಯೇ? ಈ ಗಂಡಸಿಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿ ಮನೆಮನೆಗೂ ಹೋದಳು. "ಹನ್ನೊಂದಕ್ಕೆ ಒಂದು ಮಗ್ಗಾನೂ ನಿಲ್ಲಂಗಿಲ್ಲ ಕಣ್ರೋ. ನಿಂತಿರೋದನ್ನೂ ಓಡ್ಸಿ. ಬೀದಿ ಮರ್ಯಾದೆ ಪ್ರಶ್ನೆ."

ಹನ್ನೊಂದಕ್ಕೆ ಆಟೋ ಬಂತು. ರಾಮಲಿಂಗಯ್ಯ ತನ್ನೆರಡು ಮಗ್ಗ ನಿಲ್ಲಿಸಿ ಬೀದಿ ತಣ್ಣಗಾಗಲೆಂದು ಕಾದ. ಎಡಗಡೆ ಶುರುವಾಯಿತು, ಬಲಗಡೆ ಶುರುವಾಯಿತು, ಯುಗಾದಿಯಿಂದ ಕೆಟ್ಟು ಕೂತಿದ್ದ ಕಾಂತರಾಜುವಿನ ಹಳೇ ಮಗ್ಗವೂ ಕುಂಟುತ್ತಾ ಓಡತೊಡಗಿತು. ಗೋಡೆಯ ಮೇಲೆ ದೇವರ ಪಟ ನಡುಗಿತು.

ಮೇಡಂ ಒಳಗೆ ಬಂದರು. ಹಿಂದೆಯೇ ಕೇಸರಿಬಾತಿನ ತಟ್ಟೆ ಹಿಡಿದು ನಾರಾಯಣಮ್ಮನೂ ಬಂದಳು.

"ಹೊಸಬರ ಹತ್ರ ಮಾತಾಡ್ತಾಳಾ?" ಮೇಡಂ ಗಂಟಲೆತ್ತಿ ಕೇಳಿದರು.

"ಒಂದು ಮಾತೂ ಇಲ್ಲ ಮೇಡಂ."

"ಏನಪ್ಪಾ ನೀನು," ಎಂದು ನಾರಾಯಣಮ್ಮ ನಡುವೆ ಬಂದಳು. "ಸಂಕೋಚ ಅಷ್ಟೇ ಮೇಡಂ. ಇಂಥ ತಣ್ಣನೆ ಮಗು ಬೀದೀಲೇ ಇಲ್ಲ. ತಿನ್ನಿ, ಮನೆ ತುಪ್ಪ."

"ಸದ್ದಿಗೆ ಕಿವಿ ಮುಚ್ಕೋತಾಳಾ?"

"ಮುಚ್ಕೋತಾಳೆ," ಎಂದ ರಾಮಲಿಂಗಯ್ಯ.

ಮೂವರೂ ತಿರುಗಿ ನೋಡಿದರು. ನಲವತ್ತು ಮಗ್ಗಗಳ ಗದ್ದಲದಲ್ಲಿ ಯಶಸ್ವಿನಿ ಏನೋ ಗುನುಗುತ್ತಾ ನೀಲಿ ಕಂಡಿಕೆಯ ಪಕ್ಕ ಇನ್ನೊಂದು ನೀಲಿ ಕಂಡಿಕೆ ಇಡುತ್ತಿದ್ದಳು.

"ಇದೆಲ್ಲ ಮಗ್ಗದ ಮಹಿಮೆ ಮೇಡಂ. ನಿಲ್ಲಿಸ್ಬಿಟ್ಟು ಬರ್ತೀನಿ," ಎಂದು ರಾಮಲಿಂಗಯ್ಯ ಬೀದಿಗೆ ಓಡಿದ. ಕಾಂತರಾಜುವಿನ ಬಾಗಿಲಲ್ಲಿ ನಿಂತು ಎರಡೂ ಕೈ ಆಡಿಸಿದ. ಸಾಲದು ಎನ್ನುತ್ತಿದ್ದಾನೆ ಎಂದುಕೊಂಡ ಕಾಂತರಾಜು ನೂಲು ಸುತ್ತುವ ಮೆಷಿನ್ನನ್ನೂ ಹಾಕಿದ.

ಸೋತು ವಾಪಸು ಬಂದರೆ, ಕಿವಿ ಮುಚ್ಚಿಕೊಂಡು ಕೂತಿದ್ದವರು ಮೇಡಂ. ಕಣ್ಣು ಬಿಗಿಯಾಗಿ ಮುಚ್ಚಿದ್ದರು, ಪೆನ್ನು ನೆಲದ ಮೇಲಿತ್ತು. ಯಶಸ್ವಿನಿ ಅವರನ್ನೇ ಸ್ವಲ್ಪ ಹೊತ್ತು ನೋಡಿದಳು. ಎದ್ದು ಹೋಗಿ, ಸ್ಕೂಲಿಗೆಂದು ಅಮ್ಮ ಅರುಣಾ ಕೊಡಿಸಿದ್ದ, ಸದ್ದು ತಡೆಯುವ ಹಳದಿ ಹೆಡ್‌ಫೋನನ್ನು ಮೊಳೆಯಿಂದ ತೆಗೆದು ತಂದಳು.

"ಹಾಕ್ಕೋ," ಎಂದು ಬಾಗಿಲಿಗೂ ಕೇಳಿಸುವಷ್ಟು ಜೋರಾಗಿ ಹೇಳಿ, ತಾನೇ ಮೇಡಂ ತಲೆಗೆ ಹಾಕಿದಳು.

ಏಳು ವರ್ಷದಲ್ಲಿ ಅವಳು ಹೊಸಬರಿಗೆ ಆಡಿದ ಮೊದಲ ಮಾತು ಅದು. ಸಂತೋಷಕ್ಕೆ ರಾಮಲಿಂಗಯ್ಯನ ಕಣ್ಣು ತುಂಬಿ ಬಂತು. ಮೇಡಂ ಕಣ್ಣೂ ತುಂಬಿತು. ತುಂಬಿದ ಕಣ್ಣಲ್ಲೇ ಅವರು ಬರೆದರು: 'ಮಗು ಶಾಂತ. ಮಾತಾಡುತ್ತಾಳೆ. ಇನ್ನೊಬ್ಬರ ಕಷ್ಟ ಅರಿಯುತ್ತಾಳೆ. ಸಹಾಯಕ ಟೀಚರ್ ಅಗತ್ಯವಿಲ್ಲ.'

"ಮೇಡಂ, ಒಂದು ಮಾತು ಕೇಳಿ," ಎಂದು ರಾಮಲಿಂಗಯ್ಯ ಹತ್ತು ಮಾತು ಹೇಳಿದ. ಹೆಡ್‌ಫೋನು ಹಾಕಿಕೊಂಡಿದ್ದ ಮೇಡಂಗೆ ಒಂದೂ ಕೇಳಿಸಲಿಲ್ಲ. ನಗುತ್ತಾ ಕೈಮುಗಿದು ಹಾಗೆಯೇ ಆಟೋ ಹತ್ತಿದರು.

ನಾರಾಯಣಮ್ಮ ಬೀದಿಯಲ್ಲಿ ಮನೆಮನೆಯ ಬಾಗಿಲು ತಟ್ಟಿದಳು. "ಮಗು ಪಾಸಾಯ್ತು ಕಣ್ರೋ. ಮಗ್ಗ ನಿಲ್ಸಿ ಬನ್ನಿ, ಕೇಸರಿಬಾತ್ ಆರೋಗ್ತೈತೆ."

ಬೀದಿಗೆ ಬೀದಿಯೇ ನಿಂತಿತು. ಕಾಗೆ ಕೂಗಿತು, ಯಾರದೋ ಚಮಚ ಬಿತ್ತು, ಬಾಗಿಲಲ್ಲಿ ಚಪ್ಪಲಿಗಳು ಸರಿದಾಡಿದವು. ಯಶಸ್ವಿನಿ ಎರಡೂ ಕಿವಿ ಮುಚ್ಚಿಕೊಂಡು ಮಗ್ಗದ ಕೆಳಗೆ ಸೇರಿದಳು. ರಾಮಲಿಂಗಯ್ಯ ಮೊಳೆಗೆ ಕೈ ಚಾಚಿದ. ಮೊಳೆ ಖಾಲಿ. ಓಡಿ ಹೋಗಿ ಮಗ್ಗದ ಸ್ವಿಚ್ಚು ಹಾಕಿದ. ಮಗ್ಗ ಓಡಲಿಲ್ಲ; ನಿಲ್ಲುವ ಮುಂಚೆ ಕಾಂತರಾಜುವಿನ ಹಳೇ ಮಗ್ಗ ಬೀದಿಯ ಫ್ಯೂಸನ್ನೇ ಸುಟ್ಟುಹಾಕಿತ್ತು.

ಬೇರೆ ದಾರಿ ಕಾಣದೆ ಅವನೂ ಮಗ್ಗದ ಕೆಳಗೆ ತೂರಿದ. ಯಶಸ್ವಿನಿ ಅಪ್ಪನಿಗೆ ಒಂದು ಗೇಣು ಜಾಗ ಬಿಟ್ಟುಕೊಟ್ಟಳು.

ನಾರಾಯಣಮ್ಮ ಬಗ್ಗಿ ನೋಡಿದಳು. "ಏನಪ್ಪಾ, ಇಬ್ರಿಗೂ ಇಲ್ಲೇ ತಟ್ಟೆ ಕೊಡ್ಲಾ?"